ಗಡಾಯಿಕಲ್ಲು ಹತ್ತುವ ಮುಂಚೆ

ಬೆಳ್ತಂಗಡಿಯಿಂದ ಕುದುರೆಮುಖದ ಕಡೆ ಹೊರಟವರಿಗೆ ಎಂಟು ಕಿಲೋಮೀಟರ್ ಆಗುವಷ್ಟರಲ್ಲಿ ಗಡಾಯಿಕಲ್ಲು ಎದುರಾಗುತ್ತದೆ. ಸುತ್ತ ಅಡಿಕೆ ತೋಟ, ರಬ್ಬರು, ಗದ್ದೆ. ನಡುವೆ ಯಾರ ಹಂಗೂ ಇಲ್ಲದಂತೆ ಎದ್ದು ನಿಂತ ಒಂದೇ ಕಲ್ಲು. ಅದರ ನೆತ್ತಿ ಸಮುದ್ರಮಟ್ಟದಿಂದ ಸುಮಾರು 1,700 ಅಡಿ ಎತ್ತರದಲ್ಲಿದೆ. ಇತಿಹಾಸದ ಪುಸ್ತಕಗಳಲ್ಲಿ ಇದು ಜಮಾಲಾಬಾದ್ ಕೋಟೆ, ಅದಕ್ಕೂ ಹಿಂದಿನ ಹೆಸರು ನರಸಿಂಹಗಡ. ಇಷ್ಟು ಕಡಿದಾದ ಒಂಟಿ ಬೆಟ್ಟ ಕಂಡಾಗ ಶಾಲೆಯ ಭೂಗೋಳ ಪುಸ್ತಕದ ಜ್ವಾಲಾಮುಖಿಯ ಚಿತ್ರ ನೆನಪಾಗುವುದು ಸಹಜ. ‘ಇದು ಆರಿಹೋದ ಜ್ವಾಲಾಮುಖಿಯಂತೆ, ಹೌದಾ?’ ಎಂದು ಕೇಳುವವರು ಇದ್ದಾರೆ.

ಅಲ್ಲ. ಆದರೆ ನಿಜವಾದ ಜ್ವಾಲಾಮುಖಿಯ ಪಳೆಯುಳಿಕೆ ನೋಡಬೇಕು ಎನ್ನುವ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯವರು ವಿಮಾನ ಹತ್ತಬೇಕಾಗಿಲ್ಲ. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸೇಂಟ್ ಮೇರೀಸ್ ದ್ವೀಪ ಇದೆ. ಹಳಬರು ತೋನ್ಸೆಪಾರ್ ಎನ್ನುತ್ತಿದ್ದದ್ದು ಇದನ್ನೇ. ಒಂದು ವಾರಾಂತ್ಯದಲ್ಲಿ ಎರಡನ್ನೂ ನೋಡಬಹುದು. ನೋಡಬೇಕು ಕೂಡ, ಏಕೆಂದರೆ ಒಂದನ್ನು ಬಿಟ್ಟು ಇನ್ನೊಂದು ಪೂರ್ತಿ ಅರ್ಥವಾಗುವುದಿಲ್ಲ.

ಎರಡೂ ಒಂದು ಕಾಲಕ್ಕೆ ಕರಗಿದ ಕಲ್ಲೇ. ವ್ಯತ್ಯಾಸ ಇರುವುದು ಅವು ಎಲ್ಲಿ ತಣ್ಣಗಾದವು ಎಂಬುದರಲ್ಲಿ. ಗಡಾಯಿಕಲ್ಲಿನಂಥ ಗ್ರಾನೈಟ್ ಜಾತಿಯ ಬಂಡೆಯಾಗುವ ಶಿಲಾಪಾಕ ನೆಲದ ಮೇಲೆ ಉಕ್ಕುವುದೇ ಇಲ್ಲ. ಕಿಲೋಮೀಟರುಗಟ್ಟಲೆ ಆಳದಲ್ಲಿ, ಮೇಲಿನ ಬಂಡೆಗಳ ಹೊದಿಕೆಯಡಿ, ಲಕ್ಷಾಂತರ ವರ್ಷ ನಿಧಾನವಾಗಿ ಆರುತ್ತದೆ. ನಿಧಾನವಾಗಿ ಆರಿದ್ದರಿಂದ ಹರಳುಗಳಿಗೆ ಬೆಳೆಯಲು ಪುರುಸೊತ್ತು ಸಿಗುತ್ತದೆ. ಒಡೆದ ಕಲ್ಲಿನ ಮುಖ ನೋಡಿದರೆ ಬೆಣಚುಕಲ್ಲಿನ ಗಾಜಿನಂಥ ಕಣ, ಫೆಲ್ಡ್‌ಸ್ಪಾರಿನ ಬಿಳಿ ಅಥವಾ ನಸುಗೆಂಪು ತುಣುಕು, ಅಭ್ರಕದ ಕಪ್ಪು ಮಿನುಗು ಬರಿಗಣ್ಣಿಗೇ ಬೇರೆ ಬೇರೆಯಾಗಿ ಕಾಣುತ್ತವೆ. ಸೇಂಟ್ ಮೇರೀಸ್‌ನ ರಯೋಲೈಟ್‌ನಲ್ಲಿ ಕಣ್ಣಿಗೆ ಅಂಥ ಹರಳು ಸಿಗುವುದು ಅಪರೂಪ. ಅದು ಹೊರಗೆ ಉಕ್ಕಿ, ಗಾಳಿಗೆ ಮೈಯೊಡ್ಡಿ, ಬೇಗ ಗಟ್ಟಿಯಾದ ಲಾವಾ. ರಾಸಾಯನಿಕವಾಗಿ ಎರಡೂ ಹತ್ತಿರದ ಸಂಬಂಧಿಗಳು, ಎರಡರಲ್ಲೂ ಸಿಲಿಕಾ ಹೇರಳ. ಹುಟ್ಟಿದ ಜಾಗ ಮಾತ್ರ ಬೇರೆ.

ಗ್ರಾನೈಟಿನ ಈ ಹರಳುಗಳ ಬಿಗಿ ಹೆಣೆತದ ಗುಣವನ್ನು ನಮ್ಮ ಶಿಲ್ಪಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು, ವೇಣೂರಿನ ಬಾಹುಬಲಿ 1604ರದ್ದು. ವರ್ಷಕ್ಕೆ ನಾಲ್ಕು ಮೀಟರಿನಷ್ಟು ಮಳೆ ಸುರಿಯುವ ಸೀಮೆಯಲ್ಲಿ ವೇಣೂರಿನ ಮೂರ್ತಿ ನಾಲ್ಕು ಶತಮಾನ ಬಯಲಲ್ಲೇ ನಿಂತಿದೆ.

ಹಾಗಾದರೆ ಆಳದಲ್ಲಿ ಹುಟ್ಟಿದ ಕಲ್ಲು ಆಕಾಶಕ್ಕೆ ಬಂದದ್ದು ಹೇಗೆ? ಅದು ಮೇಲೆ ಬಂತು ಎನ್ನುವುದಕ್ಕಿಂತ ಸುತ್ತಲಿನದು ಕೆಳಗೆ ಹೋಯಿತು ಎನ್ನುವುದು ಸರಿ. ಕರಾವಳಿಯ ಈ ನೆಲದಡಿಯ ಮೂಲಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಅವುಗಳ ಮೈಯಲ್ಲಿ ಬಿರುಕುಗಳು ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಬಿರುಕು ದಟ್ಟವಾಗಿರುವಲ್ಲಿ ನೀರು ಇಳಿಯುತ್ತದೆ. ನಮ್ಮ ಬಿಸಿ ಹವೆಯಲ್ಲಿ ಆ ನೀರು ಫೆಲ್ಡ್‌ಸ್ಪಾರನ್ನು ಜೇಡಿಮಣ್ಣಾಗಿ ಕರಗಿಸುತ್ತದೆ. ಮಣ್ಣು ಕೊಚ್ಚಿಹೋಗಿ ನೇತ್ರಾವತಿ, ಫಲ್ಗುಣಿ ಸೇರುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಲ್ಲಿ ಮುರಕಲ್ಲು ಆಗಿ, ನಾವು ಅದನ್ನು ಕಡಿದು ಮನೆ ಕಟ್ಟುತ್ತೇವೆ. ಬಿರುಕು ಅಪರೂಪವಾದ ಭಾಗಕ್ಕೆ ನೀರು ಒಳಹೋಗಲು ದಾರಿಯಿಲ್ಲ, ಅದು ಹಾಗೇ ಉಳಿಯುತ್ತದೆ. ಗಡಾಯಿಕಲ್ಲು ಹೀಗೆ ಉಳಿದುಕೊಂಡದ್ದು. ಬಂಟ್ವಾಳ ತಾಲೂಕಿನ ಕಾರಿಂಜ, ನರಹರಿ ಪರ್ವತ, ಮೂಡುಬಿದಿರೆ ಕಡೆಯ ಕೊಡಂಜೆ ಕಲ್ಲು ಇವೂ ಬಹುಮಟ್ಟಿಗೆ ಇದೇ ಕತೆಯ ಬೇರೆ ಬೇರೆ ಅಧ್ಯಾಯಗಳು.

1794ರಲ್ಲಿ ಟಿಪ್ಪು ಸುಲ್ತಾನ್ ಗಡಾಯಿಕಲ್ಲಿನ ಮೇಲೆ ತನ್ನ ತಾಯಿಯ ಹೆಸರಿನ ಕೋಟೆ ಕಟ್ಟಿಸಿದ್ದಕ್ಕೂ ಈ ಭೂವಿಜ್ಞಾನವೇ ಕಾರಣ ಎನ್ನಬಹುದು. ಬಿರುಕಿಲ್ಲದ ಬಂಡೆಯ ಗೋಡೆಗೆ ಕೈಹಿಡಿಯಲು ಎಡೆಯಿಲ್ಲ, ಹತ್ತಲು ಒಂದೇ ಇಕ್ಕಟ್ಟಾದ ದಾರಿ. ಬೆರಳೆಣಿಕೆಯ ಸಿಪಾಯಿಗಳು ಸಾಕು, ಸೈನ್ಯವನ್ನೇ ತಡೆಯಬಹುದು. 1799ರಲ್ಲಿ ಅದು ಬ್ರಿಟಿಷರ ಕೈಸೇರಿತು. ಇವತ್ತು ಅದೇ ಒಂದು ದಾರಿಯಲ್ಲಿ ಚಾರಣಿಗರು ಹತ್ತುತ್ತಾರೆ.

ಇನ್ನು ಹತ್ತುವ ಲೆಕ್ಕ. ಮೆಟ್ಟಿಲು 1,876 ಎಂಬುದು ರೂಢಿಯಲ್ಲಿರುವ ಸಂಖ್ಯೆ. ಒಂದೊಂದು ಮೆಟ್ಟಿಲಿಗೆ 20 ಸೆಂಟಿಮೀಟರ್ ಹಿಡಿದರೂ 375 ಮೀಟರ್ ಏರಾಯಿತು, ಒಟ್ಟು 400 ಎಂದು ಇಟ್ಟುಕೊಳ್ಳೋಣ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಆ ಪ್ರಕಾರ, ನಡೆಯುವ ದೂರವೂ ಸೇರಿ, ಗಡಾಯಿಕಲ್ಲು ಸುಮಾರು ಒಂದು ಗಂಟೆಯ ಕೆಲಸ. ಆದರೆ ನೈಸ್ಮಿತ್ ದಕ್ಷಿಣ ಕನ್ನಡದ ಸೆಕೆ ಕಂಡವನಲ್ಲ. ಇಲ್ಲಿ ಅದನ್ನು ದುಪ್ಪಟ್ಟು ಮಾಡಿಕೊಳ್ಳುವುದು ಜಾಣತನ.

ಸೆಕೆಯ ಗಣಿತ ಹೀಗಿದೆ. 65 ಕಿಲೋ ತೂಕದವರು 400 ಮೀಟರ್ ಮೇಲೇರಲು ಬೇಕಾದ ಯಾಂತ್ರಿಕ ಶಕ್ತಿ ಕೇವಲ 60 ಕಿಲೋಕ್ಯಾಲೊರಿ ಚಿಲ್ಲರೆ. ಆದರೆ ಸ್ನಾಯುಗಳ ದಕ್ಷತೆ ಸುಮಾರು ಕಾಲು ಭಾಗ. ಆದ್ದರಿಂದ ಮೈ ಉರಿಸುವುದು 240 ಕಿಲೋಕ್ಯಾಲೊರಿ, ಅದರಲ್ಲಿ 180ರಷ್ಟು ಬರೀ ಶಾಖ. ಅಷ್ಟು ಶಾಖ ಹೊರಹೋಗಲು ಮೂರನೇ ಒಂದು ಲೀಟರಿನಷ್ಟು ಬೆವರು ಪೂರ್ತಿ ಆವಿಯಾಗಬೇಕು. ‘ಪೂರ್ತಿ’ ಎಂಬಲ್ಲೇ ತೊಡಕು. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆವಿಯಾಗದೆ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ ಬೆವರು ಮೈ ತಂಪು ಮಾಡುವುದಿಲ್ಲ. ಹೀಗಾಗಿ ಮೈ ಇನ್ನಷ್ಟು ಬೆವರುತ್ತದೆ. ತಲಾ ಎರಡು ಲೀಟರ್ ನೀರು ಒಯ್ಯಿರಿ ಎನ್ನುವುದು ಇದಕ್ಕೇ. ಮೇಲೆ ಹೋದರೆ ತಂಪಾಗುತ್ತದೆ ಎಂದು ನಂಬಿ ಕೂರಬೇಡಿ. ಕಿಲೋಮೀಟರಿಗೆ ಆರೂವರೆ ಡಿಗ್ರಿ ಇಳಿಯುವ ಲೆಕ್ಕದಲ್ಲಿ ಈ ನೆತ್ತಿಯಲ್ಲಿ ಸಿಗುವ ರಿಯಾಯಿತಿ ಮೂರು ಡಿಗ್ರಿಯೂ ಇಲ್ಲ. ಕಾದ ಬಂಡೆ ಅದನ್ನೂ ಕಿತ್ತುಕೊಳ್ಳುತ್ತದೆ. ಬೆಳಕು ಹರಿದೊಡನೆ ಹತ್ತಲು ಶುರುಮಾಡಿ ಹತ್ತು ಗಂಟೆಯೊಳಗೆ ಇಳಿಯುವ ದಾರಿ ಹಿಡಿದಿರಬೇಕು. ಮೇಲೆ ಕೋಟೆ ಕಾಲದ ಕೆರೆ ಇದೆ, ಅದು ನೋಡಲಿಕ್ಕೆ, ಕುಡಿಯಲಿಕ್ಕಲ್ಲ.

ಕಾಲ ಯಾವುದು? ಮಳೆಗಾಲ ಬೇಡ. ಕಲ್ಲಿನ ಮೇಲಿಂದ ಕೆಳಕ್ಕೆ ಇಳಿದಿರುವ ಕಪ್ಪು ಪಟ್ಟೆಗಳನ್ನು ದೂರದಿಂದಲೇ ಗಮನಿಸಿರುತ್ತೀರಿ. ನೀರು ಹರಿಯುವ ಜಾಡಿನಲ್ಲಿ ಬೆಳೆದ ಸಯನೋಬ್ಯಾಕ್ಟೀರಿಯಾ ಮತ್ತು ಕಲ್ಲುಹೂವಿನ ಪದರ ಅದು. ಬೇಸಿಗೆಯಲ್ಲಿ ಒಣಗಿ ಬಣ್ಣದಂತೆ ಅಂಟಿಕೊಂಡಿರುತ್ತದೆ. ನಾಲ್ಕು ಮಳೆ ಬಿದ್ದರೆ ಲೋಳೆಯಾಗಿ ಉಬ್ಬುತ್ತದೆ, ಆಗ ಎಷ್ಟು ದುಬಾರಿ ಬೂಟಾದರೂ ಜಾರುತ್ತದೆ. ಆಟಿ ಅಮಾವಾಸ್ಯೆಯ ತೀರ್ಥಸ್ನಾನಕ್ಕೆ ಕಾರಿಂಜಕ್ಕೂ ನರಹರಿ ಪರ್ವತಕ್ಕೂ ಜನ ಹತ್ತುವುದು ಮಳೆಗಾಲದ ನಡುವೆಯೇ. ಆದರೆ ಅಲ್ಲಿನ ದಾರಿ ದಿನವೂ ಜನ ತುಳಿಯುವ ದೇವಸ್ಥಾನದ ದಾರಿ, ಗಡಾಯಿಕಲ್ಲಿನ ಮೆಟ್ಟಿಲಿಗೆ ಆ ಅನುಕೂಲ ಇಲ್ಲ.

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್ ತಿಂಗಳ ಮಧ್ಯಾಹ್ನಗಳು ಸಿಡಿಲಿನವು. ಬೆಳಗ್ಗೆ ಆಕಾಶ ತಿಳಿಯಾಗಿರುತ್ತದೆ. ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಮೂರು ಗಂಟೆಗೆಲ್ಲ ಮೋಡ ಕಟ್ಟುತ್ತದೆ. ಸುತ್ತಲಿನ ಎಲ್ಲಕ್ಕಿಂತ ಎತ್ತರದ ಬೋಳು ಬಂಡೆಯ ಮೇಲೆ ಆಗ ನಿಮ್ಮ ತಲೆಯೇ ತುದಿ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ಫೋಟೊ ಬಿಟ್ಟು ಇಳಿಯಬೇಕು. ಇಷ್ಟೆಲ್ಲ ಕಳೆದರೆ ಉಳಿಯುವುದರಲ್ಲಿ ಹಿತವಾದದ್ದು ಡಿಸೆಂಬರಿನಿಂದ ಫೆಬ್ರವರಿ. ಜಾಗ ಅರಣ್ಯ ಇಲಾಖೆಯ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು, ಶುಲ್ಕ ಕಟ್ಟಿ ಅನುಮತಿ ಪಡೆದೇ ಹತ್ತಬೇಕು.

ಮೇಲಿಂದ ಏನು ಕಾಣುತ್ತದೆ? ಪೂರ್ವಕ್ಕೆ ಘಟ್ಟದ ಗೋಡೆ, ಅದಂತೂ ಖಾತ್ರಿ. ಪಶ್ಚಿಮದ್ದು ಸ್ವಾರಸ್ಯದ ಪ್ರಶ್ನೆ. ಭೂಮಿ ಗುಂಡಗಿರುವುದರಿಂದ ಎತ್ತರದಿಂದ ಎಷ್ಟು ದೂರ ಕಾಣಬಹುದು ಎಂಬುದಕ್ಕೆ ಸರಳ ಸೂತ್ರವಿದೆ: ಎತ್ತರವನ್ನು ಮೀಟರಿನಲ್ಲಿ ಬರೆದು, ವರ್ಗಮೂಲ ತೆಗೆದು, 3.57ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ಉತ್ತರ. 520 ಮೀಟರಿಗೆ 81 ಕಿಲೋಮೀಟರ್ ಬರುತ್ತದೆ. ಮಂಗಳೂರಿನ ಕಡಲತೀರ ಇಲ್ಲಿಂದ ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು, ಸೇಂಟ್ ಮೇರೀಸ್ ಎಂಬತ್ತಕ್ಕೆ ತುಸು ಕಡಿಮೆ. ಕಾಗದದ ಮೇಲೆ ದ್ವೀಪವೂ ದಿಗಂತದ ಒಳಗೇ ಇದೆ! ಆದರೆ ಕರಾವಳಿಯ ಗಾಳಿಯಲ್ಲಿ ತೇಲುವ ಉಪ್ಪು, ದೂಳು, ಹೊಗೆಯ ಕಣಗಳು ತೇವ ಹೀರಿ ಉಬ್ಬಿ ಬೆಳಕನ್ನು ಚೆದುರಿಸುತ್ತವೆ. ಅಷ್ಟು ದೂರದ ನೋಟ ಬಿಳಿ ಮಬ್ಬಿನಲ್ಲಿ ಮುಗಿಯುತ್ತದೆ. ಹತ್ತು ಮೀಟರ್ ಎತ್ತರದ ದ್ವೀಪವನ್ನು ಕಾಣುವ ಆಸೆ ಬಿಡಿ. ಅದನ್ನು ನೋಡಲು ಅಲ್ಲಿಗೇ ಹೋಗಬೇಕು.

ಹೋದವರಿಗೆ ಮೊದಲು ನಿರಾಸೆಯಾದೀತು. ಜ್ವಾಲಾಮುಖಿ ಎಂದರೆ ಬಾಯಿ, ಹೊಗೆ, ಶಂಕುವಿನಾಕಾರ ಎಂದುಕೊಂಡವರಿಗೆ ಇಲ್ಲಿ ಅದ್ಯಾವುದೂ ಇಲ್ಲ. ಇರುವುದು ಹರಿದು ಗಟ್ಟಿಯಾದ ಲಾವಾದ ಉಳಿಕೆ. ತೀರಕ್ಕೆ ಸಮಾನಾಂತರವಾದ ನಾಲ್ಕು ದ್ವೀಪಗಳ ಪೈಕಿ ತೆಂಗಿನ ದ್ವೀಪ ಎಂಬಲ್ಲಿ ಕಲ್ಲಿನ ಕಂಬಗಳು ಒತ್ತೊತ್ತಾಗಿ ನಿಂತಿವೆ. ಐದು ಮುಖ, ಆರು ಮುಖ, ಏಳು ಮುಖ. ಕೆಲವು ಆರು ಮೀಟರಿನಷ್ಟು ಎತ್ತರ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ.

ಕಂಬಗಳನ್ನು ಯಾರೂ ಕಡೆದದ್ದಲ್ಲ. ನೀರು ಬತ್ತಿದ ಗದ್ದೆಯ ಕೆಸರು ಕುಗ್ಗಿ ಒಡೆಯುವುದನ್ನು ನೋಡಿದ್ದೀರಲ್ಲ, ಲಾವಾ ತಣಿದು ಕುಗ್ಗುವಾಗಲೂ ಹಾಗೇ ಬಿರುಕುಗಳ ಜಾಲ ಹುಟ್ಟುತ್ತದೆ. ಒಂದು ಬಿಂದುವಿನಿಂದ ಮೂರು ಬಿರುಕು 120 ಡಿಗ್ರಿ ಅಂತರದಲ್ಲಿ ಹೊರಟರೆ ಕನಿಷ್ಠ ಬಿರುಕಿನಲ್ಲಿ ಗರಿಷ್ಠ ಬಿಗಿತ ಸಡಿಲಗೊಳ್ಳುತ್ತದೆ. ಅಂಥ ಬಿಂದುಗಳನ್ನು ಜೋಡಿಸಿದರೆ ಷಟ್ಕೋನ. ಮೇಲ್ಮೈ ತಣಿದಂತೆ ಬಿರುಕು ಒಳಗೊಳಗೆ ಇಳಿಯುತ್ತ ಹೋಗಿ ಷಟ್ಕೋನ ಕಂಬವಾಗುತ್ತದೆ. ನಿಧಾನ ತಣಿದರೆ ಕಂಬ ದಪ್ಪ, ಬೇಗ ತಣಿದರೆ ಸಪೂರ. ಇಂಥ ಕಂಬಗಳು ಜಗತ್ತಿನಲ್ಲಿ ಹೆಚ್ಚಾಗಿ ಕಾಣುವುದು ಬಸಾಲ್ಟಿನಲ್ಲಿ. ಸಿಲಿಕಾ ಹೆಚ್ಚಿರುವ ಲಾವಾದಲ್ಲಿ ಅಷ್ಟು ಸಾಮಾನ್ಯವಲ್ಲ, ಮಲ್ಪೆಯ ಕಂಬಗಳ ಮೇಲೆ ಭೂವಿಜ್ಞಾನಿಗಳಿಗೆ ಹೆಚ್ಚಿನ ಪ್ರೀತಿ ಇರಲು ಇದೂ ಒಂದು ಕಾರಣ.

ವಯಸ್ಸು ಹೇಳಿದ್ದು ಪೊಟ್ಯಾಸಿಯಂ. ಅದರ ಒಂದು ವಿಕಿರಣಶೀಲ ಬಗೆ 125 ಕೋಟಿ ವರ್ಷಕ್ಕೆ ಅರ್ಧದಷ್ಟು ನಶಿಸುತ್ತದೆ, ಅದರಿಂದ ಆರ್ಗಾನ್ ಅನಿಲ ಹುಟ್ಟುತ್ತದೆ. ಕರಗಿದ ಲಾವಾದಿಂದ ಆರ್ಗಾನ್ ತಪ್ಪಿಸಿಕೊಳ್ಳುತ್ತದೆ, ಗಟ್ಟಿಯಾದ ಮೇಲೆ ಹರಳಿನೊಳಗೆ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದದ್ದು ಎಷ್ಟೆಂದು ಅಳೆದರೆ ಗಡಿಯಾರ ಸಿಕ್ಕಂತಾಯಿತು. ಈ ವಿಧಾನದಿಂದಲೂ ಯುರೇನಿಯಂ–ಸೀಸದ ವಿಧಾನದಿಂದಲೂ ಬಂದ ಉತ್ತರಗಳು 8.5ರಿಂದ 9.3 ಕೋಟಿ ವರ್ಷಗಳ ನಡುವೆ ಇವೆ. ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪು ಬಸಾಲ್ಟಿಗೂ ಇದಕ್ಕೂ ನಂಟಿಲ್ಲ, ಅದು ಎರಡು ಕೋಟಿ ವರ್ಷ ಕಿರಿಯದು. ಸೇಂಟ್ ಮೇರೀಸ್‌ನಷ್ಟೇ ವಯಸ್ಸಿನ ಲಾವಾ ಮಡಗಾಸ್ಕರಿನಲ್ಲಿ ಹೇರಳವಾಗಿದೆ. ಆಗ ಭಾರತ ಮತ್ತು ಮಡಗಾಸ್ಕರ್ ಒಂದೇ ನೆಲ. ಭೂಮಿಯಾಳದ ಬಿಸಿತಾಣವೊಂದರ ಶಾಖದ ಜೊತೆಗೇ ಆ ನೆಲ ಸೀಳಿತು, ಸೀಳಿನ ಅಂಚಿನಲ್ಲಿ ಉಕ್ಕಿದ್ದು ಸೇಂಟ್ ಮೇರೀಸ್‌ನ ಲಾವಾ. ಅಂದರೆ ಅದು ಉಕ್ಕಿದಾಗ ಮಲ್ಪೆಯಲ್ಲಿ ಕಡಲಿರಲಿಲ್ಲ. ದ್ವೀಪವಾಗಿ ಹುಟ್ಟಿದ್ದಲ್ಲ, ಆಮೇಲೆ ಕಡಲು ಬಂದು ಸುತ್ತುವರಿದು ದ್ವೀಪವಾದದ್ದು. ಆ ಬಿಸಿತಾಣ ಈಗ ದಕ್ಷಿಣ ಹಿಂದೂ ಮಹಾಸಾಗರದ ಮರಿಯನ್ ದ್ವೀಪದ ಅಡಿಯಲ್ಲಿದೆ ಎಂಬುದು ಬಹುಪಾಲು ವಿಜ್ಞಾನಿಗಳ ಅಭಿಪ್ರಾಯ. ಅಲ್ಲಿನ ಜ್ವಾಲಾಮುಖಿ ಇನ್ನೂ ಜೀವಂತ.

ಜೀವಂತ ಜ್ವಾಲಾಮುಖಿ ದ್ವೀಪದ ಚಾರಣದ ತಯಾರಿಯೇ ಬೇರೆ. ನ್ಯೂಜಿಲೆಂಡಿನ ವೈಟ್ ಐಲ್ಯಾಂಡಿನಲ್ಲಿ 2019ರ ಡಿಸೆಂಬರ್ 9ರಂದು 47 ಮಂದಿ ಇದ್ದಾಗ ಹಬೆಯ ಸ್ಫೋಟವಾಗಿ 22 ಜನ ಸತ್ತರು. ನಮ್ಮ ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಅಂಡಮಾನಿನ ಬ್ಯಾರನ್ ದ್ವೀಪ, ಪ್ರವಾಸಿಗರು ಅದನ್ನು ಹಡಗಿನಿಂದಲೇ ನೋಡಬೇಕು. ಮಲ್ಪೆಯಲ್ಲಿ ಆ ಭಯವಿಲ್ಲ. ಇಲ್ಲಿ ಜೀವ ತೆಗೆಯುವುದು ಬೆಂಕಿಯಲ್ಲ, ನೀರು. ಕಂಬಗಳ ಅಂಚಿನಲ್ಲಿ ಅಲೆ ಬಡಿಯುವ ಕಡೆ ಪಾಚಿ ಕಟ್ಟಿರುತ್ತದೆ, ಸೆಲ್ಫಿಗೆಂದು ಅಲ್ಲಿಗೆ ಇಳಿಯಬೇಡಿ. ಭರತ–ಇಳಿತ ದಿನಕ್ಕೆ ಎರಡು ಬಾರಿ, ಪ್ರತಿದಿನ ಸುಮಾರು ಐವತ್ತು ನಿಮಿಷ ತಡವಾಗಿ. ಅಮಾವಾಸ್ಯೆ–ಹುಣ್ಣಿಮೆಯ ಆಸುಪಾಸಿನ ಇಳಿತದಲ್ಲಿ ಕಂಬಗಳ ಬುಡವೂ ಕಾಣುವುದರಿಂದ ಪಂಚಾಂಗ ನೋಡಿ ಹೊರಟರೆ ಲಾಭ. ಮಳೆಗಾಲದಲ್ಲಿ ದೋಣಿ ಇಲ್ಲ.

ಒಂದೇ ದಿನ ಸಿಗುವುದು, ಎಲ್ಲಿಗೆ ಹೋಗಲಿ ಎಂದರೆ ನನ್ನ ತೀರ್ಪು ಇದು: ಮಂಡಿ ಗಟ್ಟಿಯಿದ್ದರೆ ಗಡಾಯಿಕಲ್ಲು, ಜೊತೆಗೆ ಪುಟ್ಟ ಮಕ್ಕಳೋ ಅಜ್ಜ–ಅಜ್ಜಿಯೋ ಇದ್ದರೆ ದ್ವೀಪ. ಎರಡು ಕಡೆಯೂ ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ, ತುಂಡು ಒಡೆದು ತರಬೇಡಿ. ಹೊರಡುವ ಹಿಂದಿನ ದಿನ, ಗಡಾಯಿಕಲ್ಲಿಗಾದರೆ ಬೆಳ್ತಂಗಡಿಯ ವನ್ಯಜೀವಿ ವಲಯ ಕಚೇರಿಯಲ್ಲಿ, ದ್ವೀಪಕ್ಕಾದರೆ ಮಲ್ಪೆಯ ದೋಣಿ ಕಟ್ಟೆಯಲ್ಲಿ ವಿಚಾರಿಸಿಕೊಂಡೇ ಹೊರಡಿ.