ಪುಸ್ತಕ ಕೊಡುಗೆ: ಚೀಟಿ ಎತ್ತುವ ಮುನ್ನ



ನಮ್ಮ ಪತ್ರಿಕೆಯ ಓದುಗರಿಗೆ ವರ್ಷಕ್ಕೊಮ್ಮೆ ಒಂದಿಷ್ಟು ಪುಸ್ತಕಗಳನ್ನು ಉಚಿತವಾಗಿ ಕೊಡೋಣ ಎಂಬ ಮಾತು ಸಂಪಾದಕ ಬಳಗದ ಸಭೆಯಲ್ಲಿ ಬಂದಾಗ ಎಲ್ಲರೂ ಖುಷಿಯಿಂದ ಒಪ್ಪಿದರು. ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕುವುದು, ಐದು ಚೀಟಿ ಎತ್ತುವುದು, ಐವರಿಗೆ ಪುಸ್ತಕ ಕೊಡುವುದು. ಇಷ್ಟೇ ತಾನೇ? ಆದರೆ ಪುಸ್ತಕ ಕೊಳ್ಳಲು ಹಣ ಬೇಕಲ್ಲ! ಆಗ ಒಬ್ಬರು, ‘ಒಂದು ಚೀಟಿಗೆ ಹತ್ತು ರೂಪಾಯಿ ಇಡೋಣ. ನೂರು ಜನ ಹಾಕಿದರೆ ಸಾವಿರ ರೂಪಾಯಿ ಆಯ್ತು’ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ದ್ವಿತೀಯ ಪಿಯುಸಿಯ ವಿದ್ಯಾರ್ಥಿನಿಯೊಬ್ಬಳು ಮೆಲ್ಲಗೆ ಕೇಳಿದಳು: ‘ಹಾಗಾದ್ರೆ ಅದು ಲಾಟರಿ ಆಗೋದಿಲ್ವಾ ಸರ್?’

ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಾಗ ಪುಸ್ತಕ ಕೊಡುವುದರಲ್ಲೂ ಇಷ್ಟೊಂದು ಯೋಚಿಸಬೇಕಾದದ್ದಿದೆ ಎಂದು ನಮಗೆ ತಿಳಿಯಿತು. ನಾವು ಕಂಡುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇವೆ. ನಾಳೆ ನಿಮ್ಮ ತರಗತಿಯಲ್ಲೋ, ಊರಿನ ಯುವಕ ಸಂಘದಲ್ಲೋ, ಮದರಸಾದಲ್ಲೋ ಇಂಥ ಕೆಲಸ ಮಾಡುವವರಿಗೂ ಇದು ಉಪಯೋಗಕ್ಕೆ ಬಂದೀತು.

ಲಾಟರಿ ಯಾವುದು, ಕೊಡುಗೆ ಯಾವುದು?

ಕರ್ನಾಟಕದಲ್ಲಿ 2007ರಿಂದ ಲಾಟರಿ ಮಾರಾಟಕ್ಕೆ ನಿಷೇಧವಿದೆ. ಅದಕ್ಕೂ ಮೊದಲು ಬಸ್ ನಿಲ್ದಾಣದ ಅಕ್ಕಪಕ್ಕ ಲಾಟರಿ ಅಂಗಡಿಗಳು ಹೇಗಿದ್ದವು, ಕೂಲಿಯ ಹಣ ಮನೆ ಸೇರುವ ಮೊದಲೇ ಅಲ್ಲಿ ಹೇಗೆ ಕರಗುತ್ತಿತ್ತು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ, ಹೇಳುತ್ತಾರೆ. ಪಕ್ಕದ ಕೇರಳದಲ್ಲಿ 1967ರಲ್ಲಿ ಸರ್ಕಾರವೇ ಲಾಟರಿ ಆರಂಭಿಸಿತು, ಇಂದಿಗೂ ನಡೆಸುತ್ತಿದೆ. ಎಚ್.ಡಿ. ಕೋಟೆ ಕಡೆಯ ವಿದ್ಯಾರ್ಥಿಗಳಿಗೆ ಇದು ಗೊತ್ತು. ಬಾವಲಿ ಗಡಿ ದಾಟಿದರೆ ಕಾನೂನೇ ಬೇರೆ.

ಲಾಟರಿಯಲ್ಲಿ ಮೂರು ಸಂಗತಿಗಳಿರುತ್ತವೆ. ಸೇರಲು ಹಣ ಕೊಡಬೇಕು, ಫಲಿತಾಂಶ ಅದೃಷ್ಟದ ಮೇಲೆ ನಿಂತಿರಬೇಕು, ಗೆದ್ದವರಿಗೆ ಬಹುಮಾನವಿರಬೇಕು. ಈ ಮೂರೂ ಕೂಡಿದಾಗ ಒಬ್ಬನ ಬಹುಮಾನವು ಉಳಿದವರ ನಷ್ಟದಿಂದ ಬರುತ್ತದೆ. ಹತ್ತು ರೂಪಾಯಿಯ ಚೀಟಿಯಲ್ಲಿ ಆಗುತ್ತಿದ್ದದ್ದೂ ಇದೇ. ತೊಂಬತ್ತೈದು ಮಂದಿ ಹತ್ತು ಹತ್ತು ರೂಪಾಯಿ ಕಳೆದುಕೊಳ್ಳುತ್ತಿದ್ದರು, ಐವರು ಪುಸ್ತಕ ಪಡೆಯುತ್ತಿದ್ದರು. ಬಹುಮಾನ ಪುಸ್ತಕವಾದ ಮಾತ್ರಕ್ಕೆ ಲೆಕ್ಕ ಬದಲಾಗುವುದಿಲ್ಲ. ಮೊದಲನೆಯ ಸಂಗತಿಯನ್ನು, ಅಂದರೆ ಹಣವನ್ನು, ತೆಗೆದುಬಿಟ್ಟರೆ ಯಾರಿಗೂ ನಷ್ಟವಿಲ್ಲ. ಆಗ ಅದು ಕೊಡುಗೆಯಾಗುತ್ತದೆ.

ದೀನ್‌ನ ದೃಷ್ಟಿಯಿಂದಲೂ ಈ ವ್ಯತ್ಯಾಸ ಮುಖ್ಯ. ಸೂರಃ ಅಲ್ ಮಾಇದಃದ 90ನೇ ಆಯತ್ ಮದ್ಯದ ಜೊತೆಗೆ ಮೈಸಿರ್ ಅಥವಾ ಜೂಜನ್ನೂ ನಿಷೇಧಿಸುತ್ತದೆ. ಹಾಗೆಂದು ಚೀಟಿ ಎತ್ತುವುದೇ ತಪ್ಪಲ್ಲ. ಪ್ರವಾದಿ ಮುಹಮ್ಮದ್ (ಸ) ಅವರು ಪ್ರಯಾಣಕ್ಕೆ ಹೊರಡುವಾಗ ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂಬುದನ್ನು ಚೀಟಿಯ ರೀತಿಯಲ್ಲೇ ತೀರ್ಮಾನಿಸುತ್ತಿದ್ದುದು ಬುಖಾರಿ ಹದೀಸ್ ಸಂಗ್ರಹದಲ್ಲಿದೆ. ಮರ್ಯಮರ ಪಾಲನೆಯ ಹೊಣೆ ಯಾರಿಗೆ ಎಂಬುದಕ್ಕೆ ಲೇಖನಿಗಳನ್ನು ಹಾಕಿ ನೋಡಿದ ಪ್ರಸಂಗ ಸೂರಃ ಆಲಿ ಇಮ್ರಾನ್‌ನಲ್ಲಿದೆ. ಸಮಾನ ಹಕ್ಕಿರುವ ಹಲವರಲ್ಲಿ ಒಬ್ಬರನ್ನು ಪಕ್ಷಪಾತವಿಲ್ಲದೆ ಆರಿಸುವುದು ಚೀಟಿಯ ಕೆಲಸ. ಪಣಕ್ಕಿಟ್ಟ ಹಣವನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದು ಜೂಜಿನ ಕೆಲಸ. ಹೆಚ್ಚಿನ ವಿವರ ಬೇಕಾದವರು ತಮ್ಮ ಊರಿನ ಆಲಿಮರನ್ನು ಕೇಳಬಹುದು.

ಆದ್ದರಿಂದ ನಮ್ಮ ಮೊದಲ ನಿಯಮ: ಚೀಟಿ ಹಾಕುವವರಿಂದ ಒಂದು ಪೈಸೆಯನ್ನೂ ಪಡೆಯಬಾರದು. ‘ನೋಟ್‌ಬುಕ್ ಕೊಂಡವರಿಗೆ ಮಾತ್ರ ಚೀಟಿ’ ಎಂಬಂಥ ಸುತ್ತುಬಳಸಿನ ದಾರಿಯೂ ಬೇಡ. ಪುಸ್ತಕದ ಹಣ ಅಧ್ಯಾಪಕರಿಂದಲೋ, ಹಳೆಯ ವಿದ್ಯಾರ್ಥಿಗಳಿಂದಲೋ, ದಾನಿಗಳಿಂದಲೋ ಬರಲಿ. ಅಂಥವರು ಚೀಟಿ ಹಾಕದಿರಲಿ. ಇನ್ನೊಂದು ಎಚ್ಚರಿಕೆ: ಝಕಾತ್ ಹಣವನ್ನು ಇದಕ್ಕೆ ಬಳಸಬಾರದು. ಝಕಾತ್ ಯಾರಿಗೆ ಸಲ್ಲಬೇಕೆಂದು ಸೂರಃ ಅತ್ತೌಬಾ ಎಂಟು ವರ್ಗಗಳನ್ನು ಗೊತ್ತುಮಾಡಿದೆ. ಚೀಟಿಯಲ್ಲಿ ಅನುಕೂಲಸ್ಥರ ಮನೆಯ ಮಗನ ಹೆಸರೂ ಬರಬಹುದು. ಇದಕ್ಕೆ ಸ್ವಇಚ್ಛೆಯ ಸದಕಾ ಅಥವಾ ಹದಿಯಾ ಸರಿ.

ಕೊಡುವುದು ಏತಕ್ಕೆ?

ಎರಡನೆಯ ಪ್ರಶ್ನೆ ಇದು. ಪುಸ್ತಕ ಬಹುಮಾನವಲ್ಲ, ಓದುವ ವಸ್ತು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನಿಸಿದ ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳ ತಿರುಳೂ ಇದೇ: ಪುಸ್ತಕ ಕಪಾಟಿನ ಅಲಂಕಾರಕ್ಕಲ್ಲ, ಪ್ರತಿ ಓದುಗನಿಗೂ ಅವನಿಗೆ ಬೇಕಾದದ್ದು ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದನ್ನು ಓದುವವರು ಸಿಗಬೇಕು. ರಂಗನಾಥನ್ ಅವರು ಕೊನೆಯ ವರ್ಷಗಳಲ್ಲಿ ಬೆಂಗಳೂರಿನಲ್ಲೇ ನೆಲೆಸಿದ್ದರು.

ಈ ಸೂತ್ರವನ್ನು ಓದದೆಯೇ ಬಾಳಿ ತೋರಿಸಿದವರು ನಮ್ಮ ಮೈಸೂರಿನ ಸೈಯದ್ ಇಸಾಕ್. ಬಡತನದಿಂದ ಶಾಲೆಯ ಓದು ದಕ್ಕದ ಈ ಕೂಲಿ ಕಾರ್ಮಿಕರು 2011ರಲ್ಲಿ ರಾಜೀವನಗರದಲ್ಲಿ ಒಂದು ಚಿಕ್ಕ ಶೆಡ್ಡಿನಲ್ಲಿ ಸಾರ್ವಜನಿಕ ಗ್ರಂಥಾಲಯ ತೆರೆದರು. ತಮ್ಮ ದುಡಿಮೆಯ ಹಣದಲ್ಲಿ ದಿನಪತ್ರಿಕೆ ತರಿಸಿದರು. ಅಲ್ಲಿದ್ದ ಪುಸ್ತಕಗಳಲ್ಲಿ ಬಹುಪಾಲು ಕನ್ನಡದವು. ಭಗವದ್ಗೀತೆ, ಕುರ್‌ಆನ್, ಬೈಬಲ್ ಪ್ರತಿಗಳೂ ಇದ್ದವು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಸಿಕ್ಕಿ ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಮತ್ತೆ ಕಟ್ಟುತ್ತೇನೆ ಎಂದು ಅವರು ನಿಂತಾಗ ಗುರುತು ಪರಿಚಯವಿಲ್ಲದ ಜನರು ಎಲ್ಲೆಲ್ಲಿಂದಲೋ ಪುಸ್ತಕ ಮತ್ತು ಹಣದ ನೆರವು ನೀಡಲು ಮುಂದೆ ಬಂದರು.

ಅವರೆಲ್ಲ ಏಕೆ ಕೊಟ್ಟರು? ಅಲ್ಲಿ ಯಾರು ಬೇಕಾದರೂ ಬಂದು ಕುಳಿತು ಓದಬಹುದಿತ್ತು. ತಾನು ಓದಲಾಗದಿದ್ದರೂ ಬೇರೆಯವರು ಓದಲಿ ಎಂಬ ಆಸೆ ಅಲ್ಲಿತ್ತು. ನಮ್ಮ ಐದು ಪುಸ್ತಕಗಳ ಚಿಕ್ಕ ಕೊಡುಗೆಗೂ ಅದೇ ಅಳತೆಗೋಲು: ಕೊಟ್ಟ ಪುಸ್ತಕವನ್ನು ಯಾರಾದರೂ ಓದಿದರೇ?

ಯಾವ ಪುಸ್ತಕ?

ಕೊಡುಗೆ ಎಂದರೆ ಮನೆಯಲ್ಲಿ ಬೇಡವಾದ ಹಳೆಯ ಗೈಡುಗಳನ್ನು ಸಾಗಹಾಕುವುದು ಎಂದು ತಿಳಿಯಬಾರದು. ಪಠ್ಯ ಬದಲಾದ ಮೇಲೆ ಹಳೆಯ ಗೈಡ್ ದಾರಿ ತಪ್ಪಿಸುತ್ತದೆ. ಬಳಸಿದ ಪುಸ್ತಕ ಕೊಡಬಹುದು, ಆದರೆ ಪುಟಗಳು ಪೂರ್ತಿ ಇರಲಿ.

ಐದರಲ್ಲಿ ಒಂದೆರಡು ಸಿಇಟಿ, ನೀಟ್ ತಯಾರಿಗೆ ನೆರವಾಗುವಂಥವು ಇರಲಿ. ಉಳಿದವು ಪರೀಕ್ಷೆಯ ಆಚೆಗಿನ ಓದಿಗೆ. ಹಾಸನದ ಬಾನು ಮುಷ್ತಾಕ್ ಕನ್ನಡದಲ್ಲಿ ಬರೆದ ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಅನುವಾದಿಸಿದ ದೀಪಾ ಭಾಸ್ತಿ ಕೊಡಗಿನವರು. ಪಿರಿಯಾಪಟ್ಟಣದಲ್ಲಿ ನಿಂತರೆ ಒಂದು ಬದಿಗೆ ಹಾಸನ, ಇನ್ನೊಂದು ಬದಿಗೆ ಕೊಡಗು. ಲೋಕ ಮೆಚ್ಚಿದ ಪುಸ್ತಕ ನಮ್ಮ ನೆರೆಮನೆಯಲ್ಲೇ ಹುಟ್ಟಿದೆ, ನಮ್ಮಲ್ಲಿ ಎಷ್ಟು ಮಂದಿ ಓದಿದ್ದೇವೆ? ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’, ಬೊಳುವಾರು ಮಹಮದ್ ಕುಂಞಿ ಅವರಿಗೆ 2016ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಂದ ‘ಸ್ವಾತಂತ್ರ್ಯದ ಓಟ’, ನಮ್ಮದೇ ಜಿಲ್ಲೆಯ ದೇವನೂರ ಮಹಾದೇವ ಅವರ ‘ಕುಸುಮಬಾಲೆ’, ಇಂಥವುಗಳಲ್ಲಿ ಆರಿಸಬಹುದು. ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಅಕಾಡೆಮಿಗಳ ಪ್ರಕಟಣೆಗಳು ಕಡಿಮೆ ಬೆಲೆಗೆ ಸಿಗುತ್ತವೆ. ರಾಜ್ಯೋತ್ಸವದ ತಿಂಗಳಲ್ಲಿ ರಿಯಾಯಿತಿಯೂ ಇರುತ್ತದೆ.

ಒಂದು ಮಾತು ನೆನಪಿಡಿ. ಪುಸ್ತಕದ ಪಿಡಿಎಫ್ ಮಾಡಿ ವಾಟ್ಸ್‌ಆಪ್‌ನಲ್ಲಿ ಹಂಚುವುದು ಕೊಡುಗೆಯಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕು ಉಳಿದಿರುತ್ತದೆ. ನಮ್ಮದಲ್ಲದ್ದನ್ನು ದಾನ ಮಾಡಲಾಗದು.

ಒಬ್ಬರಿಗೆ ಒಂದೇ ಚೀಟಿ

ಗಣಿತದ ವಿದ್ಯಾರ್ಥಿಗಳು ಈ ಲೆಕ್ಕ ನೋಡಲಿ. ನಲವತ್ತು ಮಂದಿ ಒಂದೊಂದು ಚೀಟಿ ಹಾಕಿದರು, ಒಬ್ಬ ಮಾತ್ರ ಗುಟ್ಟಾಗಿ ಹತ್ತು ಹಾಕಿದ ಎನ್ನೋಣ. ಒಟ್ಟು ಐವತ್ತು ಚೀಟಿ. ಮೊದಲ ಚೀಟಿ ಎತ್ತುವಾಗ ಉಳಿದವರ ಸಂಭವನೀಯತೆ ಐವತ್ತರಲ್ಲಿ ಒಂದು, ಅವನದು ಐದರಲ್ಲಿ ಒಂದು. ಆದ್ದರಿಂದ ಪ್ರತಿ ಚೀಟಿಯಲ್ಲಿ ಹೆಸರು, ವಿಭಾಗ, ಕ್ರಮಸಂಖ್ಯೆ ಇರಬೇಕು. ಎತ್ತುವ ಮೊದಲೇ ಪಟ್ಟಿಯೊಡನೆ ತಾಳೆ ನೋಡಬೇಕು. ಮೊಬೈಲ್ ಸಂಖ್ಯೆ, ಮನೆಯ ವಿಳಾಸ ಬೇಕಾಗಿಲ್ಲ. ಬೇಡದ ಮಾಹಿತಿ ಕೇಳುವುದೇ ಬೇಡ.

ಐದು ಪುಸ್ತಕಗಳಿಗೆ ಒಂದೇ ಡಬ್ಬಿ ಇಟ್ಟರೆ ವಾಣಿಜ್ಯ ಓದುವವಳಿಗೆ ನೀಟ್ ಪುಸ್ತಕ ಬರಬಹುದು. ಅದು ಹಾಗೆಯೇ ಅಟ್ಟ ಸೇರುತ್ತದೆ. ಅದಕ್ಕಾಗಿ ಸೀಮೆಸುಣ್ಣದ ಐದು ಖಾಲಿ ಡಬ್ಬಿಗಳ ಮೇಲೆ ಐದು ಪುಸ್ತಕಗಳ ಹೆಸರು ಅಂಟಿಸುವುದು. ನಿಮಗೆ ಯಾವುದು ಬೇಕೋ ಆ ಒಂದು ಡಬ್ಬಿಗೆ ಮಾತ್ರ ಚೀಟಿ. ಅದರಲ್ಲಿ ‘ಈ ಪುಸ್ತಕ ಏಕೆ ಬೇಕು?’ ಎಂದು ಒಂದು ಸಾಲು ಬರೆಯಿರಿ. ಅದಕ್ಕೆ ಅಂಕವಿಲ್ಲ. ಬರೆಯುವಾಗ ನಿಮಗೇ ಒಂದು ಯೋಚನೆ ಬರಲಿ ಎಂದಷ್ಟೇ.

ಸಂಪಾದಕ ಬಳಗದವರು ಚೀಟಿ ಹಾಕುವಂತಿಲ್ಲ. ನಾವೇ ಎತ್ತಿ ನಾವೇ ಪಡೆದರೆ ಎಷ್ಟೇ ಪ್ರಾಮಾಣಿಕರಾಗಿದ್ದರೂ ಅನುಮಾನ ಉಳಿಯುತ್ತದೆ. ಬೋಧಕೇತರ ಸಿಬ್ಬಂದಿ ಹಾಕಬಹುದು. ನಮ್ಮ ಪತ್ರಿಕೆಯ ಓದುಗರೆಂದರೆ ಅವರೂ ಹೌದು.

ಯಾವಾಗ, ಎಲ್ಲಿ ಎತ್ತುವುದು?

ಸಂಜೆ ನಾಲ್ಕೂವರೆಗೆ ಬೇಡ. ಹನಗೋಡು, ಬೆಟ್ಟದಪುರ, ಸಾಲಿಗ್ರಾಮ, ಅಂತರಸಂತೆ ಕಡೆಯವರು ಅಷ್ಟು ಹೊತ್ತಿಗೆ ಬಸ್ಸಿಗೆ ಓಡುತ್ತಿರುತ್ತಾರೆ. ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ. ಪಟ್ಟಣದವರ ಎದುರು ಮಾತ್ರ ಎತ್ತಿದ ಚೀಟಿ ಎಲ್ಲರ ಎದುರು ಎತ್ತಿದ ಚೀಟಿಯಾಗದು. ಬೆಳಗಿನ ಪ್ರಾರ್ಥನೆಯ ನಂತರದ ಹತ್ತು ನಿಮಿಷ ಸಾಕು.

ತಿಂಗಳ ಆಯ್ಕೆಗೂ ಕಾರಣ ಬೇಕು. ವಿಶ್ವ ಪುಸ್ತಕ ದಿನ ಏಪ್ರಿಲ್ 23ಕ್ಕೆ ಬರುತ್ತದೆ, ಆಗ ನಮಗೆ ರಜೆ. ರಂಗನಾಥನ್ ನೆನಪಿನ ಗ್ರಂಥಪಾಲಕರ ದಿನ ಆಗಸ್ಟ್ 12. ಅಷ್ಟರಲ್ಲಿ ಹಣ ಹೊಂದಿಸುವುದು ಕಷ್ಟ. ಹಾಗಾಗಿ ನವೆಂಬರ್ ಅನುಕೂಲ.

ಎತ್ತುವ ಕ್ರಮ ಹೀಗಿರಲಿ. ಮೊದಲು ಪ್ರತಿ ಡಬ್ಬಿಯ ಚೀಟಿಗಳನ್ನು ಎಲ್ಲರೆದುರು ಎಣಿಸಿ ಸಂಖ್ಯೆ ಹೇಳುವುದು. ಚೀಟಿಗಳೆಲ್ಲ ಒಂದೇ ಅಳತೆಯ ಕಾಗದದಲ್ಲಿ ಒಂದೇ ರೀತಿ ಮಡಚಿರಬೇಕು. ಚೀಟಿ ಹಾಕದ ಒಬ್ಬರು, ಉದಾಹರಣೆಗೆ ಗ್ರಂಥಪಾಲಕರು, ಎತ್ತಲಿ. ಡಬ್ಬಿಗೊಂದು ಹೆಸರು, ಜೊತೆಗೆ ಕಾಯ್ದಿರಿಸಿದ ಇನ್ನೊಂದು ಹೆಸರು. ಆ ದಿನ ಗೈರುಹಾಜರಾದವರ ಹಕ್ಕು ಹೋಗುವುದಿಲ್ಲ. ಒಂದು ವಾರ ಕಾದು, ಆಮೇಲಷ್ಟೇ ಎರಡನೆಯವರಿಗೆ. ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದು ಚೀಟಿಗಳನ್ನು ಒಂದು ತಿಂಗಳು ಇಟ್ಟಿರಬೇಕು. ಯಾರಾದರೂ ಕೇಳಿದರೆ ತೋರಿಸಬಹುದು. ಕೊಟ್ಟವರ ಹಣ ನಮ್ಮ ಕೈಯಲ್ಲಿ ಅಮಾನತು.

ಪುಸ್ತಕ ಪಡೆದವರ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ತೆಗೆಯುವುದಾಗಲಿ ಹಂಚುವುದಾಗಲಿ ಬೇಡ. ಹೆಣ್ಣುಮಕ್ಕಳ ವಿಷಯದಲ್ಲಿ ಮನೆಯವರ ಅಭಿಪ್ರಾಯವನ್ನೂ ಗೌರವಿಸಬೇಕು. ಫೋಟೊ ಇಲ್ಲದಿದ್ದರೆ ಕೊಡುಗೆಗೇನೂ ಕೊರತೆಯಿಲ್ಲ.

ಮುಂದೆ ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುವುದಾದರೆ ಅಂಚೆ ಇಲಾಖೆಯ ‘ಜ್ಞಾನ ಪೋಸ್ಟ್’ ಇದೆ. 2025ರ ಮೇ 1ರಂದು ಆರಂಭವಾದಾಗ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ, 5 ಕೆ.ಜಿ.ಯವರೆಗೆ ಹೆಚ್ಚೆಂದರೆ 100 ರೂಪಾಯಿ ದರವಿತ್ತು. ತೆರಿಗೆ ಬೇರೆ. ಕಳುಹಿಸುವ ಮುನ್ನ ಅಂಚೆ ಕಚೇರಿಯಲ್ಲಿ ಈಗಿನ ದರ ಕೇಳಿಕೊಳ್ಳಿ.

ಚೀಟಿ ಬಾರದವರಿಗೆ?

ಕೊನೆಗೆ ಉಳಿದದ್ದು ಇದು. ಐವರಿಗೆ ಪುಸ್ತಕ ಸಿಕ್ಕಿತು, ಉಳಿದವರು ಬರಿಗೈಯಲ್ಲಿ ಹೋದರು ಎಂದರೆ ಹಣ ಪಡೆಯದಿದ್ದರೂ ಲಾಟರಿಯ ನೆರಳು ಉಳಿದಂತೆಯೇ. ಆದ್ದರಿಂದ ಪ್ರತಿ ಪುಸ್ತಕದ ಎರಡು ಪ್ರತಿ ಕೊಳ್ಳಲು ತೀರ್ಮಾನಿಸಿದ್ದೇವೆ. ಒಂದು ಚೀಟಿ ಬಂದವರಿಗೆ, ಇನ್ನೊಂದು ನಮ್ಮ ಗ್ರಂಥಾಲಯಕ್ಕೆ. ಒಂದು ಪುಸ್ತಕಕ್ಕೆ ಸರಾಸರಿ 150 ರೂಪಾಯಿ ಹಿಡಿದರೆ ಹತ್ತು ಪ್ರತಿಗೆ 1,500 ರೂಪಾಯಿ. ಹತ್ತು ಮಂದಿ ಅಧ್ಯಾಪಕರು ತಲಾ 150 ಕೊಟ್ಟರೆ ಮುಗಿಯಿತು. ಪ್ರತಿ ಡಬ್ಬಿಯ ಚೀಟಿಗಳೇ ಆ ಪುಸ್ತಕಕ್ಕೆ ಕಾಯುವವರ ಪಟ್ಟಿ. ಗ್ರಂಥಪಾಲಕರು ಅದೇ ಸರದಿಯಲ್ಲಿ ಎರವಲು ಕೊಡುತ್ತಾರೆ.

ಚೀಟಿ ಬಂದವರಿಗೆ ಪುಸ್ತಕ ಸಂಪೂರ್ಣ ಸ್ವಂತ. ಹಿಂತಿರುಗಿಸಿ ಎಂದು ಕೇಳುವ ಹಕ್ಕು ನಮಗಿಲ್ಲ. ಓದಿದ ಮೇಲೆ ಮನೆಯಲ್ಲಿ ಒಬ್ಬರಿಗಾದರೂ ಓದಲು ಕೊಡಿ ಎಂಬುದು ಮನವಿ ಮಾತ್ರ.

ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿನಿ ಸಂಪಾದಕ ಬಳಗದವಳು. ಹಾಗಾಗಿ ಅವಳು ಚೀಟಿ ಹಾಕುವಂತಿಲ್ಲ. ಆ ನಿಯಮವನ್ನು ಬರೆದವಳೂ ಅವಳೇ. ಗ್ರಂಥಾಲಯದ ಪ್ರತಿಗೆ ಮಾತ್ರ, ಎಲ್ಲರ ಸರದಿ ಮುಗಿದ ಮೇಲೆ ತನಗೂ ಇರಲಿ ಎಂದು ಪಟ್ಟಿಯ ಕೊನೆಯಲ್ಲಿ ಹೆಸರು ಬರೆಸಿದ್ದಾಳೆ. ನಿಮ್ಮ ಚೀಟಿಗಳಿಗಾಗಿ ಕಾಯುತ್ತೇವೆ.