ಪುಟ ಒಂದೇ, ವೇಷ ಹಲವು

ವಿದ್ಯಾರ್ಥಿವೇತನದ ಅರ್ಜಿಗಳನ್ನು ಈಗ ಹೆಚ್ಚಾಗಿ ಕಂಪ್ಯೂಟರಿನಲ್ಲೇ ತುಂಬಬೇಕು. ಮೊದಲು ಹೆಸರು, ವಿಳಾಸ, ಆಮೇಲೆ ಅಂಕಗಳು, ಕೊನೆಗೆ ಬ್ಯಾಂಕಿನ ವಿವರ. ಗುಂಡಿ ಒತ್ತಿದೊಡನೆ ಪುಟದ ತಲೆಬರಹ ಹಾಗೆಯೇ ಇದ್ದು ನಡುವಿನ ಭಾಗ ಮಾತ್ರ ಬದಲಾಗುವುದನ್ನು ನೀವು ಗಮನಿಸಿರಬಹುದು. ಇದು ಹೇಗೆ?

ಇಂಥ ಪುಟಗಳನ್ನು ಕಟ್ಟುವ ಸಲಕರಣೆಗಳಲ್ಲಿ ಇವಾನ್ ಯೂ ಎಂಬವರು 2014ರಲ್ಲಿ ಹೊರತಂದ ‘ವ್ಯೂ’ ಒಂದು. ಇದರಲ್ಲಿ ಪುಟವನ್ನು ‘ಕಾಂಪೊನೆಂಟ್’ ಎಂಬ ಬಿಡಿಭಾಗಗಳಿಂದ ಜೋಡಿಸುತ್ತಾರೆ. ಭಾಗ ಬದಲಾಗಬೇಕಾದ ಕಡೆ ಜಾಗವೊಂದನ್ನು ಬಿಟ್ಟು, ‘ಇಸ್’ ಎಂಬ ಗುರುತಿನಲ್ಲಿ ಅಲ್ಲಿಗೆ ಬರಬೇಕಾದುದರ ಹೆಸರು ಕೊಡುತ್ತಾರೆ. ಹೆಸರು ಬದಲಾದರೆ ಭಾಗವೂ ಬದಲು. ನಮ್ಮ ಕಾಸರಗೋಡಿನ ಬಯಲಾಟದ ರಂಗಸ್ಥಳದಂತೆಯೇ ಎನ್ನಿ: ಭಾಗವತರು ಕುಳಿತಲ್ಲೇ ಇರುತ್ತಾರೆ, ವೇಷಗಳು ಬರುತ್ತವೆ, ಹೋಗುತ್ತವೆ.

ತೊಡಕಿರುವುದು ಇಲ್ಲಿ. ಹೋದ ಭಾಗವನ್ನು ವ್ಯೂ ಪೂರಾ ಅಳಿಸಿಬಿಡುತ್ತದೆ. ಬರೆದುದನ್ನು ಬೇರೆಡೆ ಎತ್ತಿಟ್ಟಿರದಿದ್ದರೆ ಅದೂ ಹೋಯಿತು. ಹಿಂದಿರುಗಿ ನೋಡಿದರೆ ಕಷ್ಟಪಟ್ಟು ತುಂಬಿದ ಅಂಕಗಳೇ ಇಲ್ಲ! ಚೌಕಿಗೆ ಹೋದ ವೇಷಧಾರಿ ಬಣ್ಣ ತೊಳೆದುಕೊಂಡಂತೆ. ಇದು ತುಂಬಿದವರ ತಪ್ಪಲ್ಲ, ಪುಟ ಕಟ್ಟಿದವರ ಅಜಾಗ್ರತೆ. ಆ ಜಾಗವನ್ನು ‘ಕೀಪ್ ಅಲೈವ್’ ಎಂಬ ಹೊದಿಕೆಯೊಳಗೆ ಇಟ್ಟರೆ ವೇಷ ಕಳಚದೆ ಚೌಕಿಯಲ್ಲೇ ಕುಳಿತಿದ್ದು, ಕರೆದೊಡನೆ ಅದೇ ಬರಹದೊಡನೆ ಮರಳುತ್ತದೆ. ಹೀಗೆ ಎಲ್ಲವನ್ನೂ ಕೂಡಿಸಿಟ್ಟರೆ ಕಂಪ್ಯೂಟರಿನ ನೆನಪಿನ ಜಾಗ ಖರ್ಚಾಗುತ್ತದೆ. ಆದುದರಿಂದ ಇಷ್ಟೇ ಎಂದು ಮಿತಿ ಹಾಕಲೂಬಹುದು. ಮಿತಿ ಮೀರಿದರೆ ಎಲ್ಲಕ್ಕಿಂತ ಹಿಂದೆ ಬಳಸಿದ ಭಾಗ ಮೊದಲು ಅಳಿಯುತ್ತದೆ.

ಪುಟವನ್ನೇ ಮುಚ್ಚಿದರೆ ಇದೂ ಉಳಿಯದು. ಅದಕ್ಕೆಂದೇ ಒಳ್ಳೆಯ ಅರ್ಜಿಗಳಲ್ಲಿ ‘ಉಳಿಸು’ ಎಂಬ ಗುಂಡಿ ಬೇರೆಯೇ ಇರುತ್ತದೆ.