ಯುರೋಪಿನಲ್ಲಿ ಸೈಕಲ್ ಪ್ರವಾಸ: ದಾರಿ ಯಾವುದು, ನಕ್ಷೆ ಎಲ್ಲಿ?

ರಜೆಯಲ್ಲಿ ಒಂದು ವಾರ ಯುರೋಪಿನಲ್ಲಿ ಸೈಕಲ್ ತುಳಿಯುವ ಆಸೆ ನಿಮಗಿದೆಯೇ? ಹಾಗಿದ್ದರೆ ದಾರಿಯ ಚಿಂತೆ ಅಷ್ಟಾಗಿ ಬೇಡ. ಸೈಕಲ್ಲಿಗೆಂದೇ ಗುರುತಿಸಿ, ಫಲಕ ನೆಟ್ಟ ದಾರಿಗಳು ಅಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಒಂದನ್ನು ಆರಿಸಿಕೊಂಡು, ನಕ್ಷೆ ಕೈಯಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಇವುಗಳಲ್ಲಿ ದೊಡ್ಡದು ಯೂರೋವೆಲೋ ಜಾಲ. ಇದರಲ್ಲಿ ದೇಶದಿಂದ ದೇಶಕ್ಕೆ ಸಾಗುವ 17 ಮಾರ್ಗಗಳಿವೆ. ಒಂದೊಂದಕ್ಕೂ ಒಂದು ಸಂಖ್ಯೆ. ನೀಲಿ ಫಲಕದಲ್ಲಿ ಹಳದಿ ನಕ್ಷತ್ರಗಳ ನಡುವೆ ಆ ಸಂಖ್ಯೆ ಕಂಡರೆ ಸರಿಯಾದ ದಾರಿಯಲ್ಲೇ ಇದ್ದೀರಿ ಎಂದರ್ಥ.

ಮೊದಲ ಸಲ ಹೋಗುವವರಿಗೆ 6ನೇ ಮಾರ್ಗದ ಒಂದು ತುಣುಕು ಚೆನ್ನ: ಜರ್ಮನಿಯ ಪಸ್ಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ, ಡ್ಯಾನ್ಯೂಬ್ ನದಿಯ ದಡದಲ್ಲಿ. ದೂರ ಸುಮಾರು 320 ಕಿ.ಮೀ. ದಿನಕ್ಕೆ 50 ಕಿ.ಮೀ. ತುಳಿದರೆ ಒಂದು ವಾರ ಸಾಕು. ನದಿ ಹರಿಯುವ ದಿಕ್ಕಿನಲ್ಲೇ ಹೋಗುವುದರಿಂದ ಏರು ಕಡಿಮೆ. ಸ್ಥಳೀಯ ಫಲಕಗಳಲ್ಲಿ ‘ಡೊನೌರಾಡ್‌ವೆಗ್’ ಎಂದಿರುತ್ತದೆ. ಡ್ಯಾನ್ಯೂಬ್ ಸೈಕಲ್ ದಾರಿ ಎಂದೇ ಅದರ ಅರ್ಥ.

ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ ಪದ್ಧತಿ ಬೇರೆ. ಅಲ್ಲಿ ಸೈಕಲ್ ದಾರಿಗಳು ಕೂಡುವ ಜಾಗಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟಿದ್ದಾರೆ. ಹೋಗಬೇಕಾದ ಕೂಡುದಾರಿಗಳ ಸಂಖ್ಯೆಯನ್ನು ಕ್ರಮವಾಗಿ ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಆಯಿತು. ಫಲಕಗಳು ಒಂದು ಸಂಖ್ಯೆಯಿಂದ ಮುಂದಿನದಕ್ಕೆ ದಾರಿ ತೋರಿಸುತ್ತವೆ.

‘ಗೂಗಲ್ ಮ್ಯಾಪ್ಸ್ ಇದೆಯಲ್ಲ, ಅದು ಸಾಲದೇ?’ ಎಂದು ಕೇಳಬಹುದು. ಊರೊಳಗೆ ಹೋಟೆಲ್ ಹುಡುಕಲು ಸಾಕು. ಆದರೆ ನೆಟ್ ಇಲ್ಲದಾಗ ಅದು ಸೈಕಲ್ ದಾರಿ ಹೇಳುವುದಿಲ್ಲ. ದೂರದ ಪಯಣಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್ ಆಧರಿಸಿದ ಸಾಧನಗಳು ಮೇಲು. ಇದು 2004ರಲ್ಲಿ ಶುರುವಾದ, ಸ್ವಯಂಸೇವಕರು ಸೇರಿ ರಚಿಸುತ್ತಿರುವ ಮುಕ್ತ ನಕ್ಷೆ.

ಬಳಸುವ ಕ್ರಮ ಹೀಗೆ. ಮೊದಲು ‘ಸೈಕಲ್ ಡಾಟ್ ಟ್ರಾವೆಲ್’ ತಾಣದಲ್ಲಿ ಹೊರಡುವ ಊರು, ತಲುಪುವ ಊರು ಕೊಡಿ. ವಾಹನಗಳ ಕಾಟ ಕಡಿಮೆಯಿರುವ ದಾರಿಯನ್ನು ಅದು ಹುಡುಕಿಕೊಡುತ್ತದೆ. ಆ ದಾರಿಯನ್ನು ಜಿಪಿಎಕ್ಸ್ ಫೈಲಾಗಿ ಇಳಿಸಿಕೊಳ್ಳಿ. ಜಿಪಿಎಕ್ಸ್ ಎಂದರೆ ದಾರಿಯುದ್ದದ ಬಿಂದುಗಳನ್ನು ಸಾಲಾಗಿ ದಾಖಲಿಸಿದ ಕಡತ. ಬಳಿಕ ಫೋನಿನ ‘ಆರ್ಗ್ಯಾನಿಕ್ ಮ್ಯಾಪ್ಸ್’ ಆ್ಯಪ್‌ನಲ್ಲಿ ಆ ಪ್ರದೇಶದ ನಕ್ಷೆ ಇಳಿಸಿ, ಈ ಫೈಲನ್ನು ತೆರೆಯಿರಿ. ಜಿಪಿಎಸ್ ಉಪಗ್ರಹದ ಸಂಕೇತದಿಂದ ನಡೆಯುವುದರಿಂದ ನೆಟ್ ಬೇಕಿಲ್ಲ. ಹೊರಡುವ ಮುನ್ನ ಮೊಬೈಲ್ ಡೇಟಾ ಆಫ್ ಮಾಡಿ, ನಿಮ್ಮೂರಿನಲ್ಲೇ ಒಂದು ಸುತ್ತು ಹೋಗಿ ಪರೀಕ್ಷಿಸಿ.

ಇಷ್ಟಾದ ಮೇಲೆ ಕಾಗದದ ನಕ್ಷೆ ಯಾಕೆ? ಬ್ಯಾಟರಿ ಮುಗಿದಾಗ ಬೇಕಾಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣಕ್ಕೆ ಡ್ಯಾನ್ಯೂಬ್ ದಾರಿಯನ್ನೇ ನೋಡಿ. ಶ್ಲೋಗೆನ್ ಬಳಿ ನದಿ ಪೂರ್ತಿ ಹೊರಳುತ್ತದೆ. ಅಲ್ಲಿ ಉತ್ತರ ದಡದ ಸೈಕಲ್ ದಾರಿ ನಡುವೆ ಕಡಿದುಹೋಗಿ, ದೋಣಿ ಹತ್ತಬೇಕಾಗುತ್ತದೆ. ಚಳಿಗಾಲದಲ್ಲಿ ದೋಣಿ ಇರುವುದಿಲ್ಲ. ದಕ್ಷಿಣ ದಡದಲ್ಲಿ ಈ ತೊಡಕಿಲ್ಲ. ಯಾವ ದಡ ಹಿಡಿಯಬೇಕು, ಎಲ್ಲಿ ದಾಟಬೇಕು, ಎಲ್ಲಿ ತಂಗಬಹುದು ಎಂಬುದನ್ನು ನಕ್ಷೆಗಳಿರುವ ಒಳ್ಳೆಯ ಕೈಪಿಡಿ ಮೊದಲೇ ತಿಳಿಸುತ್ತದೆ. ‘ಬೈಕ್‌ಲೈನ್’ ಮಾಲೆಯ ಪುಸ್ತಕಗಳು ಇದಕ್ಕೆ ಹೆಸರುವಾಸಿ. ಹೆಚ್ಚಿನವು ಜರ್ಮನ್ ಭಾಷೆಯಲ್ಲಿವೆ. ಈ ಮಾರ್ಗದ್ದು ಇಂಗ್ಲಿಷಿನಲ್ಲೂ ಬಂದಿದೆ. ಕೊಳ್ಳುವಾಗ ಅಳತೆ ಗಮನಿಸಿ. 1:50,000 ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿ.ಮೀ.; 1:150,000ದಲ್ಲಿ ಒಂದೂವರೆ ಕಿ.ಮೀ. ಮೊದಲನೆಯದು ತುಳಿಯುವಾಗ ನೋಡಲು, ಎರಡನೆಯದು ಮನೆಯಲ್ಲಿ ಕೂತು ಯೋಜನೆ ಹಾಕಲು.

ಖರ್ಚು ಹೆಚ್ಚಿಲ್ಲ. ಮೇಲೆ ಹೇಳಿದ ತಾಣ, ಆ್ಯಪ್ ಎರಡೂ ಉಚಿತ. ಕೈಪಿಡಿಗೆ ಸುಮಾರು 15ರಿಂದ 20 ಯೂರೊ. ಅದನ್ನು ಆನ್‌ಲೈನ್‌ನಲ್ಲಿ ತರಿಸಬಹುದು, ಇಲ್ಲವೇ ಅಲ್ಲಿಗೆ ಹೋದಮೇಲೆ ಪುಸ್ತಕದಂಗಡಿಯಲ್ಲಿ ಕೊಳ್ಳಬಹುದು. ದಾರಿಯ ಊರುಗಳ ಪ್ರವಾಸಿ ಮಾಹಿತಿ ಕೇಂದ್ರಗಳಲ್ಲಿ ಪುಕ್ಕಟೆ ನಕ್ಷೆ ಸಿಗುವುದೂ ಉಂಟು.

ಭಾರತದಿಂದ ಹೊರಡುವವರು ದಾರಿ, ತಂಗುವ ಊರುಗಳನ್ನು ಗೊತ್ತುಮಾಡುವ ಕೆಲಸವನ್ನು ವೀಸಾ ಅರ್ಜಿಗೆ ಮೊದಲೇ ಮುಗಿಸಬೇಕು. ಷೆಂಗೆನ್ ವೀಸಾಕ್ಕೆ ಪ್ರವಾಸದ ವಿವರ, ತಂಗುವ ಜಾಗದ ದಾಖಲೆ ಕೊಡಬೇಕು. ಹೆಚ್ಚು ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ಪಸ್ಸಾವ್‌ನಲ್ಲಿ ಒಂದು ರಾತ್ರಿ ಕಳೆದು ಉಳಿದ ರಾತ್ರಿಗಳನ್ನೆಲ್ಲ ನದಿಯ ಕೆಳದಾರಿಯಲ್ಲಿ ಕಳೆಯುವವರು ಆಸ್ಟ್ರಿಯಾಕ್ಕೆ ಅರ್ಜಿ ಸಲ್ಲಿಸಬೇಕು, ಜರ್ಮನಿಗಲ್ಲ.